ಸಾರಥಿ ಕೇಳದೆ ಉಳಿದ ಪ್ರಶ್ನೆ

ಕೋಲಾರ
18 ಜನವರಿ 2024

ಲೇ ಚನ್ನಾ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಕೂಗುತ್ತೇವೆ, ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟುವುದಿಲ್ಲ. ಅದಕ್ಕೇ ಈಮೇಲು. ನಿನ್ನ ಕಂಪ್ಯೂಟರಿನೊಳಗೆ ಕೂತು ಓದಿ ಹೇಳುವ ಆ ಹೆಂಗಸು ಇದನ್ನೂ ಓದುತ್ತಾಳೆ. ಅವಳ ದನಿಗೆ ಏರಿಳಿತವಿಲ್ಲ ಎಂದು ಬೈಯುತ್ತಿರುತ್ತೀಯಲ್ಲ, ಏರಿಳಿತ ನೀನೇ ಹಾಕಿಕೊ.

ಸುದ್ದಿ ದೊಡ್ಡದು. ಗಂಗುಲಪ್ಪ ಮೇಷ್ಟ್ರು ಮತ್ತೆ ಗೆಜ್ಜೆ ಕಟ್ಟುತ್ತಾರೆ. ಎಂಬತ್ತು ದಾಟಿದ ಮೈಗೆ ರಾಜವೇಷ. ಬರುವ ತಿಂಗಳ ಹುಣ್ಣಿಮೆ, ಫೆಬ್ರವರಿ 24, ಶನಿವಾರ, ಕುರುಡುಮಲೆ ಪಕ್ಕದ ಅವರ ಊರಿನಲ್ಲೇ ಕೇಳಿಕೆ ಬಯಲಾಟ. "ಇದೇ ಕೊನೇದು ಕಣಪ್ಪಾ, ಆಮೇಲೆ ಗೆಜ್ಜೆ ಬಿಚ್ಚಿ ದೇವರ ಮುಂದೆ ಇಟ್ಬಿಡ್ತೀನಿ" ಅಂದರು. ಕಿವಿ ಮಂದವಾಗಿದೆ, ಫೋನು ಹಿಡಿಯುವುದಿಲ್ಲ, ಆದರೆ ಗಂಟಲು ಮಾತ್ರ ಹಾಗೇ ಇದೆ. ಮುಳಬಾಗಿಲಿನಲ್ಲಿ ಕೆಮ್ಮಿದರೆ ಆಂಧ್ರದ ಗಡಿಗೆ ಕೇಳಿಸಬೇಕು.

ಆಟಕ್ಕೆಂದು ಒಂದು ವೆಬ್‌ಪುಟ ಮಾಡಿದ್ದೇನೆ. ನಮ್ಮಪ್ಪ ನಾಟಕದ ಪರದೆ ಬರೆದೇ ಬದುಕಿದವರು. ನಾನು ಅದೇ ಕೈಯಲ್ಲಿ ಮೊದಲು ಪರದೆ ಬರೆದೆ, ಆಮೇಲೆ ಫ್ಲೆಕ್ಸು ಹೊಡೆದೆ, ಈಗ ವೆಬ್‌ಸೈಟು ಮಾಡುತ್ತೇನೆ. ಅಪ್ಪ ಬರೆದ ಅರಮನೆ ಪರದೆಯ ಚಿತ್ರವೇ ಪುಟದ ತಲೆಯ ಮೇಲಿದೆ. ಕೆಳಗೆ ಮಾವಿನಕಾಯಿಯ ಹಸಿರು. ಮುಟ್ಟಿದರೆ ಹಣ್ಣಿನ ಹಳದಿಗೆ ತಿರುಗುತ್ತದೆ, ಯಲ್ದೂರಿನ ತೋಟದಿಂದ ಈಗ ಕಿತ್ತು ತಂದ ಹಾಗೆ. ನಿನಗೆ ಬಣ್ಣದ ಮಾತು ಹೇಳುತ್ತಿದ್ದೇನೆ ನೋಡು, ಹಳೇ ಚಾಳಿ.

ಪುಟ ಪೂರ್ತಿ ಕೇಳು. ಅರ್ಧಕ್ಕೆ ಎದ್ದು ಹೋಗಬೇಡ. ಕೇಳಿದ ಮೇಲೆ ಒಂದು ಸಾಲು ಬರೆ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ನಿನ್ನ ಪರದೆಗಾರ,
ಫರ್ಹಾದ್


ಮಾಲೂರು
21 ಜನವರಿ 2024

ಎಲೈ ಫರ್ಹಾದನೇ,

ಪುಟವನ್ನು ಪೂರ್ತಿ ಕೇಳಿದೆ. ಒಂದಲ್ಲ, ಮೂರು ಸಲ ಕೇಳಿದೆ. ಚೆನ್ನಾಗಿ ಮಾಡಿದ್ದೀಯ. ರಾಜವೇಷ ಗಂಗುಲಪ್ಪ ಮೇಷ್ಟ್ರು, ಸ್ತ್ರೀವೇಷ ಕದಿರೇಶ, ರಾಕ್ಷಸ ವೇಷ ಆವಲಪ್ಪ. ಆವಲಪ್ಪನ ಹೊಟ್ಟೆಗೆ ಈಗ ಯಾವ ರಾಕ್ಷಸನ ಅಂಗಿ ಹಿಡಿಯುತ್ತದೋ ಶಿವನೇ ಬಲ್ಲ. ಮೇಳ ತುಂಬಿದೆ. ಯಾರ ಕೊರತೆಯೂ ಕಾಣಲಿಲ್ಲ.

ನಾನಿಲ್ಲಿ ಸುಖವಾಗಿದ್ದೇನೆ. ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಫೋನು ಎತ್ತುವ ಕೆಲಸ. ಒಂದು ಕಾಲದಲ್ಲಿ ಅರ್ಧ ಪರದೆಯ ಹಿಂದೆ ವೇಷ ಬಂದು ನಿಂತರೆ ನಾನು ಸಾರಥಿಯಾಗಿ ಎದುರು ನಿಂತು, "ಬಂದಂಥವರು ಯಾರು, ತಮ್ಮ ನಾಮಾಂಕಿತವೇನು, ಯಾವ ಕಾರ್ಯಕ್ಕೆ ಬಂದಿರಿ" ಎಂದು ಗುಡುಗಬೇಕಿತ್ತು. ನಾನು ಕೇಳದ ಹೊರತು ಚಕ್ರವರ್ತಿಯಾದರೂ ಪರದೆ ದಾಟುವ ಹಾಗಿರಲಿಲ್ಲ. ಈಗ ಹೊಸೂರಿನಿಂದ ಹೆಂಚು ಕೇಳಿಕೊಂಡು ಫೋನು ಬಂದರೆ, "ಹಲೋ, ಯಾರು ಮಾತಾಡೋದು, ಏನ್ ಬೇಕಿತ್ತು" ಎನ್ನುತ್ತೇನೆ. ಕೆಲಸ ಅದೇ. ಗೆಜ್ಜೆ ಇಲ್ಲ ಅಷ್ಟೆ.

ಮೇಷ್ಟ್ರಿಗೆ ನನ್ನ ನಮಸ್ಕಾರ ತಲುಪಿಸು.

ಚನ್ನರಾಯಪ್ಪ


ಕೋಲಾರ
23 ಜನವರಿ 2024

ಚನ್ನಾ, ನನ್ನ ರಾಜಾ,

ಪೂರ್ತಿ ಕೇಳಿದೆ ಎಂದೆಯಲ್ಲ, ನನಗೆ ಅಷ್ಟೇ ಸಾಕು. ನೀನು ಅದರ ಬಗ್ಗೆ ಒಂದಕ್ಷರ ಬರೆಯದಿದ್ದದ್ದೂ ಸರಿಯೇ. ಅಂಥದ್ದನ್ನು ಕೇಳಿದ ಮೇಲೆ ಏನು ತಾನೇ ಬರೆಯಲಿಕ್ಕಾಗುತ್ತದೆ. ನಿನ್ನೆಯೇ ಊರಿಗೆ ಹೋಗಿ ಮೇಷ್ಟ್ರ ಕಿವಿಯಲ್ಲಿ ಕೂಗಿದೆ. "ಚನ್ನ ಕೇಳಿದನಂತೆ ಮೇಷ್ಟ್ರೇ, ಮೂರು ಸಲ ಕೇಳಿದನಂತೆ." ಅವರು ಎದ್ದು ಹೋಗಿ ಗೆಜ್ಜೆಯ ಗಂಟು ತಂದು, ಹುಣಸೇಹಣ್ಣು ಹಾಕಿ ತಿಕ್ಕಲು ಕೂತರು.

ಆಟದ ಶನಿವಾರ ಸಂಜೆ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನನ್ನ ಕೈ ಹಿಡಿದು ಬಂದರೆ ಸಾಕು. ನಿನಗೆಂದೇ ಜಾಗ ಮಾಡಿದ್ದೇವೆ.

ಫರ್ಹಾದ್


ಕೋಲಾರ
26 ಫೆಬ್ರವರಿ 2024

ಚನ್ನರಾಯಪ್ಪನವರಿಗೆ,

ಇಷ್ಟು ದಿನ ಕರೆದ ಹೆಸರಿನಲ್ಲಿ ಕರೆಯಲು ಇವತ್ತು ಬಾಯಿ ಬರುವುದಿಲ್ಲ.

ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಕೋಲಾರದ ಕಡೆಯಿಂದ ಬಂದ ಬಸ್ಸುಗಳ ಬಾಗಿಲಿಗೆಲ್ಲ ಹೋಗಿ ಇಣುಕಿದೆ. ನರಸಾಪುರದಲ್ಲಿ ಕಂಪನಿ ಬಸ್ಸುಗಳ ಮಧ್ಯೆ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಫೋನು ಮಾಡಿದೆ, ಸ್ವಿಚ್ ಆಫ್. ಕೊನೆಗೆ ಒಬ್ಬನೇ ಊರಿಗೆ ಹೋದೆ.

ದೀಪ ಹಚ್ಚುವ ಹೊತ್ತಿಗೆ ಅರ್ಧ ಪರದೆ ಹಿಡಿದರು. ಮೃದಂಗಕ್ಕೆ ಪೆಟ್ಟು ಬಿತ್ತು. ಮೇಷ್ಟ್ರು ಪರದೆಯ ಹಿಂದೆ ಬಂದು ನಿಂತರು. ಮುಂದಿನಿಂದ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಪಾದ, ಇಷ್ಟೇ ಕಾಣುತ್ತಿತ್ತು. ಗೆಜ್ಜೆ ಒಂದು ಸುತ್ತು ಝಲ್ಲೆಂದು ನಿಂತಿತು. ಸಾರಥಿಯ ಜಾಗ ಖಾಲಿ. ಯಾರೂ ಕೇಳಲಿಲ್ಲ.

"ನಾನ್ ಕೇಳ್ತೀನಿ ಮೇಷ್ಟ್ರೇ" ಎಂದು ಕದಿರೇಶ ಮುಂದೆ ಬಂದ. ಪರದೆಯ ಹಿಂದಿನಿಂದ ದನಿ ಬಂತು. "ನೀನು ಸುಮ್ನಿರೋ. ಹೇಳಿ ಕಳ್ಸಿದೀನಿ, ಬರ್ತಾನೆ." ಮತ್ತೆ ಮೃದಂಗ. ಮತ್ತೆ ಗೆಜ್ಜೆ. ಪರದೆ ಹಿಡಿದವರು ಕೈ ಬದಲಿಸಿದರು. ಜನ ಗುಜುಗುಜು ಎಂದರು. ಆವಲಪ್ಪ ರಾಕ್ಷಸನ ಬಣ್ಣದಲ್ಲೇ ಮುಖ ಮುಚ್ಚಿಕೊಂಡ. "ಇನ್ನೂ ಬರ್ಲಿಲ್ವಾ" ಎಂದು ಮೇಷ್ಟ್ರು ಕೇಳಿದರು. ಅವರು ಅಲ್ಲೇ ಕೂತು, ತಾವೇ ಗೆಜ್ಜೆ ಬಿಚ್ಚಿ, ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಹೋದರು. ಆಟ ನಡೆಯಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಣ್ಣು ಹೋದ ಹೊಸತರಲ್ಲಿ ನೀನು ಪರದೆಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ ಪ್ರಶ್ನೆ ಕೇಳಿದೆ. ನಾಲ್ಕು ಜನ ನಕ್ಕರು. ಅವತ್ತು ಇಳಿದು ಹೋದವನು ಇವತ್ತಿಗೂ ಮನಸ್ಸು ಬದಲಿಸಲಿಲ್ಲ. ಅಷ್ಟು ದೊಡ್ಡ ಮನುಷ್ಯ ಬಾಯಾರೆ ಕರೆದರಲ್ಲೋ. ಮೂರು ಸಲ ಕೇಳಿ, "ಚೆನ್ನಾಗಿ ಮಾಡಿದ್ದೀಯ" ಎಂದು ನನಗೆ ಸರ್ಟಿಫಿಕೇಟು ಕೊಟ್ಟು, ಮನೆಯಲ್ಲಿ ಕೂತೆಯಲ್ಲೋ.

ಫರ್ಹಾದ್


ಮಾಲೂರು
2 ಮಾರ್ಚ್ 2024

ಫರ್ಹಾದ್,

ಬಾಯಾರೆ ಕರೆದರು ಎಂದು ಬರೆದಿದ್ದೀಯ. ಯಾವ ಬಾಯಿ, ಯಾವ ಕರೆ? ನಿನ್ನ ಪುಟ ನನಗೆ ಓದಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ, ಕೇಳಿಕೊ.

ಮೊದಲು "ಚಿತ್ರ" ಎಂದಿತು. ಯಾವ ಚಿತ್ರ ಎಂದು ಹೇಳಲಿಲ್ಲ. ಆಮೇಲೆ "ಆಟ ಊರಿಗೆ ದಾರಿ ಮೇಷ್ಟ್ರ ಮಾತು" ಎಂದು ಒಂದೇ ಉಸಿರಿನಲ್ಲಿ ಓದಿತು. ತಲೆಬರಹ ಇರಬೇಕು ಎಂದುಕೊಂಡೆ. ಆಮೇಲೆ ತಾರೀಖು, ಜಾಗ, ವೇಷದವರ ಹೆಸರು. ಅಲ್ಲಿಗೆ ಪುಟ ಮುಗಿಯಿತು. ಮುಂದೆ ಏನೂ ಇಲ್ಲ. ಹೆಸರುಗಳಲ್ಲಿ ಸಾರಥಿ ಎಂಬ ಪದವೇ ಬರಲಿಲ್ಲ. ಮೂರು ಸಲ ಯಾಕೆ ಕೇಳಿದೆ ಎಂದುಕೊಂಡೆ? ನಿನ್ನ ಅಂದ ಚಂದಕ್ಕಲ್ಲ. ನನ್ನ ಹೆಸರು ಎಲ್ಲಾದರೂ ತಪ್ಪಿ ಬಂದಿದೆಯೇನೋ ಎಂದು ಹುಡುಕಿದ್ದು.

ಆಮೇಲೆ ನೀನು, ಬಸ್ ಸ್ಟ್ಯಾಂಡಿಗೆ ಬರುತ್ತೇನೆ, ಕೈ ಹಿಡಿಯುತ್ತೇನೆ, ಜಾಗ ಮಾಡಿದ್ದೇವೆ ಎಂದು ಬರೆದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಹೆಗಲಿಗೆ ಶಾಲು ಹಾಕಿ, ಪಾಪ ಕಣ್ಣಿಲ್ಲದವನು ಎಂದು ಕೂರಿಸುತ್ತೀರಿ ಎಂದುಕೊಂಡೆ. ನಾನು ನಿಂತು ಗುಡುಗಿದ ಜಾಗದಲ್ಲಿ ಇನ್ನೊಬ್ಬ ಗುಡುಗುವುದನ್ನು ಕುರ್ಚಿಯಲ್ಲಿ ಕೂತು ಕೇಳಬೇಕಿತ್ತೇನೋ? ಅದಕ್ಕೇ ಫೋನು ಆರಿಸಿದೆ.

ಏನು ಕರೆ ಅದು? ಎಲ್ಲಿತ್ತು?

ಚನ್ನ


ಕೋಲಾರ
5 ಮಾರ್ಚ್ 2024

ಲೇ ಚನ್ನಾ,

ಆ ಮೂರು ತಲೆಬರಹಗಳಲ್ಲ ಕಣೋ. ಮೂರು ಟ್ಯಾಬು. ಒಂದೇ ಜಾಗದಲ್ಲಿ ಒಂದರ ಹಿಂದೊಂದು ಮೂರು ಪರದೆ ಇಳಿಬಿಟ್ಟ ಹಾಗೆ. ಪುಟ ತೆರೆದಾಗ "ಆಟ" ಮುಂದಿರುತ್ತದೆ, ಮಿಕ್ಕ ಎರಡು ಹಿಂದೆ. ಹೆಸರು ಮುಟ್ಟಿದರೆ ಆ ಪರದೆ ಮುಂದೆ ಬರುತ್ತದೆ. ಮೂರನೆಯದು ಮೇಷ್ಟ್ರ ಮಾತು. ಅವರ ಸ್ವಂತ ದನಿ. ನಿನ್ನನ್ನು ಹೆಸರು ಹಿಡಿದು ಸಾರಥಿಯಾಗಲು ಕರೆದಿದ್ದಾರೆ. ಸಾರಥಿಯ ಹೆಸರನ್ನು ಮೊದಲ ಟ್ಯಾಬಿನಲ್ಲಿ ನಾನು ಬೇಕೆಂದೇ ಹಾಕಲಿಲ್ಲ. ನೀನು ಮೇಷ್ಟ್ರ ಬಾಯಿಂದಲೇ ಕೇಳಲಿ ಎಂದು.

ನಿನ್ನ ಪತ್ರ ಬಂದ ಮೇಲೆ ನಿನ್ನಲ್ಲಿರುವ ಓದುವ ಯಂತ್ರವನ್ನೇ ನನ್ನ ಕಂಪ್ಯೂಟರಿಗೂ ಹಾಕಿದೆ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ನೀನು ಹೇಳಿದ್ದೇ ಬಂತು. ಅದು ಟ್ಯಾಬು ಎಂದಾಗಲಿ, ಒತ್ತಬಹುದು ಎಂದಾಗಲಿ, ಯಾವುದು ತೆರೆದಿದೆ ಎಂದಾಗಲಿ ಒಂದು ಮಾತೂ ಇಲ್ಲ. ತೆರೆದ ಟ್ಯಾಬಿನ ಹಸಿರನ್ನು ನಾನು ಹಳದಿ ಮಾಡಿದೆ, ಕೆಲಸ ಮುಗಿಯಿತು ಎಂದುಕೊಂಡೆ. ಬಷೀರಾ ಹಿಂದೆ ನಿಂತು ನೋಡುತ್ತಿದ್ದಳು. "ಬಣ್ಣಕ್ಕೇನ್ ಬಾಯಿದೆಯಾ ಜೀ" ಎಂದಳು. ಹೆಂಡತಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ತಪ್ಪು ನನ್ನದು. ಮೇಷ್ಟ್ರ ದನಿಯನ್ನು ವಾಟ್ಸಾಪಿನಲ್ಲಿ ಈಗಲೇ ಕಳಿಸುತ್ತೇನೆ. ಕೇಳು, ಕೇಳಿ ಹೊರಡು. ಈ ವಾರವೇ ಬಾ.

ಫರ್ಹಾದ್


ಮಾಲೂರು
8 ಮಾರ್ಚ್ 2024

ಫರ್ಹಾದಾ,

ಕಳಿಸಬೇಡ. ಕಳಿಸಿದರೂ ತೆರೆಯುವುದಿಲ್ಲ.

ಕೋಪದಿಂದ ಹೇಳುತ್ತಿಲ್ಲ. ಈ ಒಂಬತ್ತು ವರ್ಷ ನನಗೆ ಎಲ್ಲವೂ ಹಿತ್ತಲ ಬಾಗಿಲಿನಿಂದಲೇ ಬಂದಿದೆ. "ನಿಮ್ಗೆ ಆಗಲ್ಲ ಬಿಡಿ, ನಾವೇ ಓದಿ ಹೇಳ್ತೀವಿ." "ನೀವು ಕೂತ್ಕೊಳಿ, ತಂದು ಕೊಡ್ತೀವಿ." ಮೇಷ್ಟ್ರ ಕರೆಯೂ ಹಾಗೇ ಬರಬೇಕೇ? ಕೋಲಾರ ಜಿಲ್ಲೆಯ ಸಮಸ್ತರಿಗೂ ಯಾವ ಬಾಗಿಲು ತೆರೆದಿದೆಯೋ ಅದೇ ಬಾಗಿಲಿನಿಂದ ಹೋಗಿ, ನನ್ನ ಬೆರಳಿನಿಂದ ಒತ್ತಿ ಕೇಳುತ್ತೇನೆ. ನೀನು ಪುಟ ಸರಿ ಮಾಡು. ಕೇಳಿದ ಮಾರನೇ ದಿನ ಹೊರಡುತ್ತೇನೆ.

ಸರಿ ಮಾಡುವುದು ಹೇಗೆ ಎಂದು ತಲೆ ಕೆರೆದುಕೊಳ್ಳಬೇಡ. ನೀನು ಹುಟ್ಟಿನಿಂದ ನೋಡಿದ್ದೇ. ವೇಷ ಬಂದರೆ ಸಾರಥಿ ಏನು ಕೇಳುತ್ತಾನೆ? ಯಾರು ನೀನು. ಹೆಸರೇನು. ಯಾಕೆ ಬಂದೆ. ನಿನ್ನ ಟ್ಯಾಬೂ ನನಗೆ ಅದನ್ನೇ ಹೇಳಲಿ. ನಾನು ಟ್ಯಾಬು, ನನ್ನ ಹೆಸರು ಮೇಷ್ಟ್ರ ಮಾತು, ಮೂವರಲ್ಲಿ ಮೂರನೆಯವನು, ಸದ್ಯ ರಂಗದ ಮೇಲೆ ಇದ್ದೇನೆ ಅಥವಾ ಇಲ್ಲ. ಅಷ್ಟು ಹೇಳಿದರೆ ಮಿಕ್ಕದ್ದು ನನ್ನ ಬೆರಳು ನೋಡಿಕೊಳ್ಳುತ್ತದೆ.

ಮೇಷ್ಟ್ರು ಹೇಗಿದ್ದಾರೆ?

ಚನ್ನ


ಕೋಲಾರ
17 ಮಾರ್ಚ್ 2024

ಚನ್ನಾ,

ಹಗಲು ಅಂಗಡಿಯ ಕೆಲಸ, ಉಳಿದ ಹೊತ್ತು ಇದೇ ಕೆಲಸ. ಈಗ ಪುಟ ಮಾತಾಡುತ್ತದೆ. ಒಂದನ್ನೂ ಬಿಟ್ಟಿಲ್ಲ, ಎಲ್ಲವನ್ನೂ ಹೇಳುವಂತೆ ಮಾಡಿದ್ದೇನೆ. ಕೇಳಿ ನೋಡು.

ಮೇಷ್ಟ್ರು ಚೆನ್ನಾಗಿದ್ದಾರೆ. ಊಟ ಸ್ವಲ್ಪ ಕಡಿಮೆ, ವಯಸ್ಸಲ್ಲವೇ. ನಿನ್ನ ವಿಷಯ ಹೇಳಿದೆ, ಪುಟದ ತಪ್ಪು ನನ್ನದು ಎಂದು ಕಿವಿಯಲ್ಲಿ ಕೂಗಿ ಹೇಳಿದೆ. ತಲೆಯಾಡಿಸಿದರು. ಬೇಗ ಬಂದರೆ ಒಳ್ಳೆಯದು.

ಫರ್ಹಾದ್


ಮಾಲೂರು
19 ಮಾರ್ಚ್ 2024

ಎಲೈ ಪರದೆಗಾರರ ಕುಲತಿಲಕನೇ,

ನಿನ್ನ ಪುಟ ತೆರೆದೆ. ತೆರೆದದ್ದೇ ತಡ, ಆಟದ ತಾರೀಖು, ಊರಿಗೆ ದಾರಿ, ಮುಳಬಾಗಿಲಿನಿಂದ ಎಡಕ್ಕೆ, ಕದಿರೇಶ, ಬಸ್ಸು, ಆವಲಪ್ಪ, ಎಲ್ಲರೂ ಒಟ್ಟಿಗೇ ಕೂಗಲು ಶುರು ಮಾಡಿದರು. ನಾನು ಬಾಯಿ ಮುಚ್ಚಿಸಲು ಒತ್ತಿದರೆ ಮತ್ತೆ ಮೊದಲಿನಿಂದ ಶುರು. ಮೇಳದ ವೇಷಗಳೆಲ್ಲ ಪರದೆ ಹರಿದುಕೊಂಡು ಒಂದೇ ಸಲ ರಂಗಕ್ಕೆ ನುಗ್ಗಿದ ಹಾಗಾಯಿತು. ಪಕ್ಕದ ಮೇಜಿನ ಅನಿತ, "ಏನ್ ಸಾರ್, ಕಂಪ್ಯೂಟರ್‌ಗೆ ದೆವ್ವ ಹಿಡಿದಿದೆಯಾ" ಎಂದಳು. ಆ ಗಲಾಟೆಯಲ್ಲಿ ಮೇಷ್ಟ್ರ ಮಾತನ್ನು ಒತ್ತಲು ನನಗೆ ಮನಸ್ಸಾಗಲಿಲ್ಲ.

ಮೊದಲು ಮೂಗನಾಗಿದ್ದೆ, ಈಗ ಬಾಯಿಬಡುಕನಾಗಿದ್ದೀಯ. ಒಂದು ವೇಷ ನಿಂತಾಗ ಮಿಕ್ಕವು ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಸುಮ್ಮನಿರಬೇಕು. ಬಾಣದ ಕೀಲಿ ಒತ್ತಿದರೆ ಪಕ್ಕದ ಟ್ಯಾಬಿನ ಹೆಸರು ಕೇಳಲಿ. ಎಂಟರ್ ಒತ್ತಿದರೆ ಅದೊಂದೇ ತೆರೆಯಲಿ. ಮುಂದಿನ ಕೀಲಿಗೆ ಅದರ ಒಳಗಿನ ಮಾತಿಗೆ ಹೋಗಲಿ.

ಅವಸರ ಮಾಡಬೇಡ. ನಿಧಾನವಾಗಿ ಸರಿ ಮಾಡು. ಯುಗಾದಿಗೆ ಹೇಗೂ ರಜೆಯಿದೆ, ಒಬ್ಬಟ್ಟು ಕಟ್ಟಿಸಿಕೊಂಡು ಬರುತ್ತೇನೆ. ಇಷ್ಟು ವರ್ಷ ಕಾದವರು ಮೇಷ್ಟ್ರು, ಹಬ್ಬದವರೆಗೆ ಕಾಯುತ್ತಾರೆ.

ಚನ್ನ


ಕೋಲಾರ
3 ಏಪ್ರಿಲ್ 2024

ಚನ್ನಾ,

ಪುಟ ಸರಿಯಾಗಿದೆ. ಟವೆಲ್ ಕಟ್ಟಿಕೊಂಡು ನಾನೂ ಬಷೀರಾಳೂ ಮತ್ತೆ ಮತ್ತೆ ನೋಡಿದೆವು. ನೀನು ಹೇಳಿದ ಹಾಗೇ ಒಂದೊಂದಾಗಿ ಹೇಳುತ್ತದೆ.

ಮೇಷ್ಟ್ರು ಸೋಮವಾರ ಬೆಳಿಗ್ಗೆ ಹೋದರು.

ಆಟದ ದಿನದಿಂದಲೇ ಅನ್ನ ಬಿಟ್ಟಿದ್ದರು. ಚೆನ್ನಾಗಿದ್ದಾರೆ ಎಂದು ನಾನು ಬರೆದ ದಿನ ಅವರು ಕೋಲಾರದ ಆಸ್ಪತ್ರೆಯಲ್ಲಿದ್ದರು. ನಾನು ಅಲ್ಲಿಂದ ಬಂದೇ ನಿನಗೆ ಬರೆದದ್ದು. ಹೇಳಿದರೆ ಮರುಕಕ್ಕೆ ಓಡಿ ಬಂದೆ ಎಂದು ಆಮೇಲೆ ನಿನಗೆ ಅನ್ನಿಸಬಾರದು, ನೀನು ಬಯಸಿದ ಬಾಗಿಲಿನಿಂದಲೇ ಬರಬೇಕು ಎಂದುಕೊಂಡೆ. ನೀನು ಅವಸರ ಬೇಡ ಎಂದೆ. ನಾನು ಒಂದು ಮಾತು ಹೇಳಿದ್ದರೆ ನೀನು ಮಾರನೇ ದಿನ ಬಸ್ಸು ಹತ್ತುತ್ತಿದ್ದೆ. ನನಗೆ ಗೊತ್ತು. ಗೊತ್ತಿದ್ದೂ ಪುಟ ತಿದ್ದುತ್ತಾ ಕೂತೆ.

ಸೋಮವಾರ ನಿನ್ನ ಕಾರ್ಖಾನೆಗೆ ಫೋನು ಮಾಡಿದ್ದು ನಾನೇ. ನೀನೇ ಎತ್ತಿದೆ. "ಹಲೋ, ಯಾರು ಮಾತಾಡೋದು" ಎಂದೆ. ಅದೇ ದನಿ, ಅದೇ ಪ್ರಶ್ನೆ. ಫೋನು ಇಟ್ಟುಬಿಟ್ಟೆ. ಸಂಜೆಗೆ ಮಣ್ಣು ಮಾಡಿದರು. ಗೆಜ್ಜೆಯನ್ನೂ ಜೊತೆಗೇ ಇಟ್ಟರು.

ನೀನು ಇದಕ್ಕೆ ಉತ್ತರ ಬರೆಯದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಫರ್ಹಾದ್


ಮಾಲೂರು
14 ಏಪ್ರಿಲ್ 2024

ಫರ್ಹಾದಾ,

ಆ ಫೋನಿನಲ್ಲಿ ಯಾರೋ ಉಸಿರಾಡಿದ್ದು ಕೇಳಿಸಿತ್ತು. ರಾಂಗ್ ನಂಬರ್ ಎಂದು ಅನಿತಳಿಗೆ ಹೇಳಿದೆ.

ನಿನ್ನನ್ನು ಬೈಯಬೇಕೆಂದು ಎರಡು ಸಲ ಬರೆದು ಅಳಿಸಿದೆ. ದನಿಯನ್ನು ಕಳಿಸುತ್ತೇನೆ ಎಂದೆ ನೀನು. ಕಳಿಸಬೇಡ ಎಂದವನು ನಾನು. ಬಾಗಿಲು ಯಾವುದಾದರೂ ಒಳಗಿದ್ದವರು ಅವರೇ ಅಲ್ಲವೇ. ಹಾಗೆಂದು ನಾನು ಕೇಳಿದ ಬಾಗಿಲು ತಪ್ಪು ಎಂದು ಇವತ್ತೂ ಹೇಳಲಾರೆ. ಅದೇ ನನ್ನನ್ನು ಕೊರೆಯುವುದು. ತಪ್ಪು ಎಂದು ಒಪ್ಪಿಕೊಂಡರೆ ಅತ್ತು ಹಗುರಾಗಬಹುದಿತ್ತು.

ಯುಗಾದಿಯ ದಿನ ಊರಿಗೆ ಹೋಗಲಿಲ್ಲ. ಆಫೀಸಿನ ಬೀಗ ತೆಗೆಸಿಕೊಂಡು ಒಳಗೆ ಕೂತು ನಿನ್ನ ಪುಟ ತೆರೆದೆ. "ಆಟ, ಟ್ಯಾಬ್, ಮೂರರಲ್ಲಿ ಒಂದು, ಆಯ್ಕೆಯಾಗಿದೆ" ಎಂದಿತು. ಬಾಣದ ಕೀಲಿ ಒತ್ತಿದೆ. "ಊರಿಗೆ ದಾರಿ, ಟ್ಯಾಬ್, ಮೂರರಲ್ಲಿ ಎರಡು." ಮತ್ತೆ ಒತ್ತಿದೆ. "ಮೇಷ್ಟ್ರ ಮಾತು, ಟ್ಯಾಬ್, ಮೂರರಲ್ಲಿ ಮೂರು." ಎಷ್ಟು ಸಲೀಸಾಗಿತ್ತು. ಇಷ್ಟೇ ಬೇಕಾಗಿದ್ದದ್ದು.

ಎಂಟರ್ ಒತ್ತುವ ಮೊದಲು ಎದ್ದು ನಿಂತೆ. ಕುರ್ಚಿ ಎಲ್ಲಿ ಸರಿಯಿತೋ, ನಾನು ಕಂಪ್ಯೂಟರಿನ ಕಡೆ ತಿರುಗಿದ್ದೆನೋ ಗೋಡೆಯ ಕಡೆಗೋ ಗೊತ್ತಿಲ್ಲ. ಗಂಟಲೆತ್ತಿ ಕೇಳಿದೆ. ಬಂದಂಥವರು ಯಾರು, ತಮ್ಮ ನಾಮಾಂಕಿತವೇನು, ಯಾವ ಕಾರ್ಯಕ್ಕೆ ಬಂದಿರಿ. ಹೆಂಚಿನ ಗೋದಾಮಿನವರೆಗೂ ಹೋಗಿ ದನಿ ವಾಪಸು ಬಂತು. ಆಮೇಲೆ ಮೇಜು ತಡವಿ ಕೀಲಿ ಒತ್ತಿದೆ.

"ಲೇ ಚನ್ನಾ" ಎಂದರು. ಕೆಮ್ಮಿದರು. ನೀನು ಆ ಕೆಮ್ಮನ್ನು ಕತ್ತರಿಸದೆ ಬಿಟ್ಟಿದ್ದೀಯ, ಅದಕ್ಕೆ ನಿನ್ನ ಋಣ ಇದೆ. "ಲೇ ಚನ್ನಾ, ನುವ್ವು ಅಡುಗು, ನೇನು ಚೆಪ್ತಾನು. ನೀನು ಕೇಳು, ನಾನು ಹೇಳ್ತೀನಿ. ನೀನು ಕೇಳೋವರ್ಗೂ ಪರದೆ ಬಿಟ್ಟು ಬರಲ್ಲ ನಾನು. ಯಾವ ಕಡೆ ತಿರುಗಿ ಕೇಳ್ತೀನೋ ಅಂತ ಹೆದರ್ಕೋಬೇಡ ಕಣೋ. ನೀನು ಯಾವ ಕಡೆ ತಿರುಗಿ ಕೇಳಿದ್ರೂ ನಂಗೆ ಕೇಳುತ್ತೆ."

ಕಿವಿ ಮಂದವಾದ ಮನುಷ್ಯ.

ಒಂದು ಕೆಲಸ ಮಾಡಿಕೊಡು. ಪುಟವನ್ನು ತೆಗೆಯಬೇಡ. ವೇಷದವರ ಹೆಸರುಗಳ ಕೆಳಗೆ ಒಂದು ಸಾಲು ಸೇರಿಸು. "ಸಾರಥಿ: ಚನ್ನರಾಯಪ್ಪ. ಬರಲಿಲ್ಲ." ಅದನ್ನು ಹಿಂದಿನ ಟ್ಯಾಬಿನಲ್ಲಿ ಇಡಬೇಡ. ಮೊದಲನೆಯದರಲ್ಲೇ ಹಾಕು, ಪುಟ ತೆರೆದವರಿಗೆಲ್ಲ ಕೇಳಲಿ.

ಚನ್ನ